ಎರಡು ಕಿವಿಗೆ ಏಳು ಸ್ಪೀಕರ್ ಯಾಕೆ?

ಗೇಮಿಂಗ್ ಹೆಡ್‌ಸೆಟ್ಟಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘7.1 ಸರೌಂಡ್ ಸೌಂಡ್’ ಎಂದು ಬರೆದಿರುತ್ತದೆ. ಸುತ್ತ ಏಳು ಸ್ಪೀಕರು, ಗುಡುಗಿನಂಥ ಸದ್ದಿಗೆ ಇನ್ನೊಂದು ಸಬ್‌ವೂಫರು ಎಂದು ಆ ಲೆಕ್ಕದ ಅರ್ಥ. ಪೆಟ್ಟಿಗೆ ತೆರೆದು, ಹೆಡ್‌ಸೆಟ್ ಕೈಗೆತ್ತಿಕೊಂಡು ಎಣಿಸಿ ನೋಡಿ. ಎಡಕ್ಕೊಂದು, ಬಲಕ್ಕೊಂದು. ಲೆಕ್ಕ ಮುಗಿಯಿತು. ಉಳಿದವು ಎಲ್ಲಿ ಎಂದು ಅಂಗಡಿಯಲ್ಲಿ ಕೇಳಿದರೆ ‘ಅದು ವರ್ಚುವಲ್ ಸಾರ್’ ಎಂಬ ಉತ್ತರ ಬರುತ್ತದೆ.

ಹೈಸ್ಕೂಲು, ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಈಗ ಸೈಕಲ್ಲು, ಕ್ರಿಕೆಟ್ ಬ್ಯಾಟಿನ ಸಾಲಿಗೆ ಈ ಬೇಡಿಕೆಯೂ ಸೇರಿದೆ. ಮೇಲ್ದರ್ಜೆಯ ವೈರ್‌ಲೆಸ್ ಹೆಡ್‌ಸೆಟ್ ಎಂದರೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಶುರು, ಮೂವತ್ತು ದಾಟುವುದೂ ಉಂಟು. ‘ಹಿಂದಿನಿಂದ ಬರೋನ ಹೆಜ್ಜೆ ಸದ್ದು ಗೊತ್ತಾಗಲ್ಲ, ಅದಕ್ಕೇ ಸೋಲ್ತೀನಿ’ ಎಂದು ಮಗ. ‘ಎರಡು ಸಾವಿರದ್ದರಲ್ಲೂ ಸದ್ದು ಬರುತ್ತಲ್ಲ’ ಎಂದು ಅಪ್ಪ. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿದೆ. ಯಾವ ಅರ್ಧ ನಿಜ ಎಂಬುದು ಗೊತ್ತಾಗಬೇಕಾದರೆ ಮೊದಲು ಕಿವಿಯ ವಿಚಾರಕ್ಕೆ ಬರಬೇಕು.

ನಮಗಿರುವುದು ಎರಡೇ ಕಿವಿ. ಆದರೂ ಕಣ್ಣು ಮುಚ್ಚಿಕೊಂಡು ಕೂತಾಗ ಅಡುಗೆಮನೆಯ ಕುಕ್ಕರ್ ಎಲ್ಲಿ ಕೂಗಿತು, ಬೀದಿಯಲ್ಲಿ ಹೂವಿನವಳು ಯಾವ ಕಡೆಯಿಂದ ಬಂದಳು, ಮಾವಿನ ಮರದಲ್ಲಿ ಕೋಗಿಲೆ ಎಷ್ಟು ಎತ್ತರದಲ್ಲಿದೆ ಎಂದು ಹೇಳಬಲ್ಲೆವು. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಸ್ವಲ್ಪ ತಡವಾಗಿ. ಆ ತಡ ಎಷ್ಟೆಂದರೆ, ಸದ್ದು ಪೂರ್ತಿ ಪಕ್ಕದಿಂದ ಬಂದರೂ ಸುಮಾರು 0.6ರಿಂದ 0.7 ಮಿಲಿಸೆಕೆಂಡ್. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿ, ಅದರಲ್ಲಿ ಒಂದು ಚೂರೂ ಪೂರ್ತಿಯಲ್ಲ! ಮಿದುಳು ಅಷ್ಟನ್ನೂ ಅಳೆಯುತ್ತದೆ. ಜೊತೆಗೆ ತಲೆ ನಡುವೆ ಗೋಡೆಯಂತೆ ಅಡ್ಡ ನಿಂತಿರುವುದರಿಂದ ಕೀರಲು ಸದ್ದುಗಳು ಆಚೆ ಕಿವಿಗೆ ತಗ್ಗಿ ಕೇಳುತ್ತವೆ. ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರೇಲಿ ಈ ಎರಡು ಲೆಕ್ಕವನ್ನು 1907ರಲ್ಲೇ ಬಿಡಿಸಿಟ್ಟಿದ್ದರು.

ಎಡ ಬಲ ಸರಿ, ಹಿಂದೆ ಮುಂದೆ ಹೇಗೆ? ನೇರ ಎದುರಿನಿಂದ ಬಂದ ಸದ್ದೂ ನೇರ ಬೆನ್ನ ಹಿಂದಿನಿಂದ ಬಂದ ಸದ್ದೂ ಎರಡು ಕಿವಿಗೂ ಒಟ್ಟಿಗೇ ಮುಟ್ಟುತ್ತವಲ್ಲ? ಇಲ್ಲಿ ಕೆಲಸಕ್ಕೆ ಬರುವುದು ಮೇಷ್ಟ್ರು ಹಿಂಡುತ್ತಿದ್ದರಲ್ಲ, ಆ ಹೊರಕಿವಿ. ಅದರ ಉಬ್ಬು ತಗ್ಗು, ಮಡಿಕೆಗಳೆಲ್ಲ ಅಲಂಕಾರಕ್ಕಲ್ಲ. ಹಿಂದಿನಿಂದ, ಮುಂದಿನಿಂದ, ಮೇಲಿನಿಂದ ಬಂದ ಸದ್ದು ಬೇರೆ ಬೇರೆ ಮಡಿಕೆಗೆ ತಾಗಿ ಬೇರೆ ಬೇರೆ ಬಣ್ಣ ಪಡೆದು ಒಳಗೆ ಹೋಗುತ್ತದೆ. ಹುಟ್ಟಿದಾಗಿನಿಂದ ಕೇಳಿ ಕೇಳಿ ಮಿದುಳಿಗೆ ಆ ಬಣ್ಣಗಳ ಪರಿಚಯವಾಗಿದೆ. (ಕಣಜ ಗೂಬೆಗೆ ಬೇರೆಯೇ ಉಪಾಯವಿದೆ. ಅದರ ಒಂದು ಕಿವಿಯ ತೂತು ಮೇಲೆ, ಇನ್ನೊಂದು ಕೆಳಗೆ. ಕತ್ತಲಲ್ಲಿ ಇಲಿ ಎಷ್ಟು ಕೆಳಗಿದೆ ಎಂದು ಅದಕ್ಕೆ ಗೊತ್ತಾಗುವುದು ಹಾಗೆ.)

ಮಕ್ಕಳೇ, ಇದನ್ನು ಈ ಭಾನುವಾರ ಮನೆಯಲ್ಲೇ ಆಡಿ ನೋಡಬಹುದು. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರಲಿ, ತಲೆ ಅಲ್ಲಾಡಿಸುವಂತಿಲ್ಲ. ಇನ್ನೊಬ್ಬರು ಬೀಗದ ಕೈಗೊಂಚಲನ್ನು ಮೂಗಿನ ನೇರ ಎದುರಿಗೆ ಒಮ್ಮೆ, ನೇರ ತಲೆಯ ಹಿಂದೆ ಒಮ್ಮೆ ಆಡಿಸಲಿ. ಇಪ್ಪತ್ತು ಸಲ ಮಾಡಿ ಸರಿ ತಪ್ಪು ಬರೆದುಕೊಳ್ಳಿ. ಆಮೇಲೆ ಕೂತವರು ಎರಡೂ ಹೊರಕಿವಿಗಳನ್ನು ಬೆರಳಿನಿಂದ ಮಡಚಿ ಹಿಡಿದುಕೊಳ್ಳಲಿ. ತೂತು ಮುಚ್ಚಬಾರದು, ಮಡಿಕೆಯ ಆಕಾರ ಮಾತ್ರ ಕೆಡಬೇಕು. ಮತ್ತೆ ಇಪ್ಪತ್ತು ಸಲ. ತಪ್ಪುಗಳು ಹೆಚ್ಚುತ್ತವೆಯೇ ನೋಡಿ. ಕೊನೆಗೆ ತಲೆ ತಿರುಗಿಸಲು ಬಿಟ್ಟುಬಿಡಿ, ಉತ್ತರ ಥಟ್ಟನೆ ಬರುತ್ತದೆ.

ಈಗ ಹೆಡ್‌ಸೆಟ್ಟಿಗೆ ಬರೋಣ. ಹೆಡ್‌ಸೆಟ್ಟಿನ ಸ್ಪೀಕರು ಕಿವಿಗೆ ಅಂಟಿಕೊಂಡೇ ಇರುವುದರಿಂದ ಸದ್ದು ದೂರದಿಂದ ಬಂದು ಮಡಿಕೆಗಳನ್ನು ಸವರಿಕೊಂಡು ಹೋಗುವ ಮಾತಿಲ್ಲ. ಆದ್ದರಿಂದ ಆ ಬಣ್ಣವನ್ನು ಮೊದಲೇ ಬಳಿದು ಕಳಿಸಬೇಕು. ಅಮೆರಿಕದ ಎಂಐಟಿಯಲ್ಲಿ 1994ರಲ್ಲಿ ‘ಕೆಮಾರ್’ ಎಂಬ ಗೊಂಬೆಯ ಕಿವಿಯೊಳಗೆ ಮೈಕ್ ಇಟ್ಟು, ಸುತ್ತಲೂ ನೂರಾರು ಜಾಗಗಳಿಂದ ಸದ್ದು ಮಾಡಿ, ಪ್ರತಿ ದಿಕ್ಕಿನ ಸದ್ದು ಕಿವಿ ಮುಟ್ಟುವಾಗ ಹೇಗೆ ಬದಲಾಗುತ್ತದೆ ಎಂದು ಅಳೆದು ಎಲ್ಲರಿಗೂ ಹಂಚಿದರು. ಇಂಥ ಪಟ್ಟಿಗೆ ಎಚ್‌ಆರ್‌ಟಿಎಫ್ ಎನ್ನುತ್ತಾರೆ. ಆಟದಲ್ಲಿ ಶತ್ರು ಎಡ ಹಿಂಭಾಗದಲ್ಲಿದ್ದರೆ ಅವನ ಹೆಜ್ಜೆ ಸದ್ದಿಗೆ ಆ ದಿಕ್ಕಿನ ಬಣ್ಣ ಬಳಿದು ಎರಡು ಸ್ಪೀಕರಿಗೆ ಕಳಿಸಿದರಾಯಿತು. ಮಿದುಳು ಮೋಸಹೋಗುತ್ತದೆ. ವರ್ಚುವಲ್ ಸರೌಂಡ್ ಎಂದರೆ ಇಷ್ಟೇ. ಹೌದು, ಒಂದು ಕಾಲದಲ್ಲಿ ನಿಜವಾಗಿಯೂ ಸ್ಪೀಕರ್ ತುಂಬಿದ ಹೆಡ್‌ಸೆಟ್ಟುಗಳಿದ್ದವು. ರೇಜರ್ ಕಂಪನಿಯ ಟಿಯಾಮಾಟ್ 7.1ರಲ್ಲಿ ಕಿವಿಗೆ ಐದರಂತೆ ಹತ್ತು ಸ್ಪೀಕರ್! ಭಾರವಾಯಿತೇ ಹೊರತು ಆ ದಾರಿ ಬೆಳೆಯಲಿಲ್ಲ.

ಹಾಗಾದರೆ ಅಪ್ಪ ಅಂದದ್ದೇ ಸರಿಯಾಯಿತಲ್ಲ? ಈ ವಿಷಯದಲ್ಲಿ ಬಹುಪಾಲು ಸರಿ. ದಿಕ್ಕು ಹುಟ್ಟುವುದು ಲೆಕ್ಕಾಚಾರದಲ್ಲಿ, ಆ ಲೆಕ್ಕವನ್ನು ಅನೇಕ ಆಟಗಳು ತಾವೇ ಮಾಡುತ್ತವೆ. ಕೌಂಟರ್ ಸ್ಟ್ರೈಕ್‌ಗೆ 2016ರಲ್ಲಿ, ವ್ಯಾಲರಂಟ್‌ಗೆ 2021ರಲ್ಲಿ ಎಚ್‌ಆರ್‌ಟಿಎಫ್ ಬಂತು. ಪ್ಲೇಸ್ಟೇಷನ್ 5ರಲ್ಲಿ ಸೋನಿಯವರು ಐದು ಬಗೆಯ ‘ಕಿವಿ’ಗಳನ್ನು ಇಟ್ಟು ಹೊಂದುವುದನ್ನು ಆರಿಸಿಕೊಳ್ಳಿ ಎಂದರು, ಅದಕ್ಕೆ ಸಾಧಾರಣ ಹೆಡ್‌ಫೋನೂ ಸಾಕು. ವಿಂಡೋಸ್ ಕಂಪ್ಯೂಟರಿನಲ್ಲಿ ‘ವಿಂಡೋಸ್ ಸೋನಿಕ್’ 2017ರಿಂದ ಪುಕ್ಕಟೆಯಾಗಿ ಕೂತಿದೆ, ಎಷ್ಟೋ ಜನ ಅದನ್ನು ಒತ್ತಿಯೂ ನೋಡಿಲ್ಲ.

ಇಲ್ಲೇ ಒಂದು ಎಡವಟ್ಟು ನಡೆಯುವುದು. ಆಟ ಒಂದು ಸಲ ಬಣ್ಣ ಬಳಿದು ಕಳಿಸಿದ ಸದ್ದಿಗೆ ಹೆಡ್‌ಸೆಟ್ಟಿನ 7.1 ಗುಂಡಿ ಇನ್ನೊಂದು ಸಲ ಬಳಿಯುತ್ತದೆ. ಒಗ್ಗರಣೆ ಹಾಕಿದ ಸಾರಿಗೆ ಮತ್ತೆ ಒಗ್ಗರಣೆ ಹಾಕಿದ ಹಾಗೆ. ಸದ್ದು ದೊಡ್ಡ ಹಾಲಿನಲ್ಲಿ ಮೊಳಗಿದಂತೆ ಭವ್ಯವಾಗಿ ಕೇಳುತ್ತದೆ, ದಿಕ್ಕು ಮಾತ್ರ ಕಲಸಿಹೋಗುತ್ತದೆ. ಅದನ್ನೇ ‘ಸೂಪರ್’ ಎಂದುಕೊಂಡು ಆಡುವವರಿದ್ದಾರೆ. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಆಟದಲ್ಲೇ ಎಚ್‌ಆರ್‌ಟಿಎಫ್ ಇದ್ದರೆ ಅದನ್ನೇ. ಹಾಗೆಯೇ, ಎಡ ಬಲ ಎಂಬ ಎರಡೇ ಚಾನೆಲ್ಲಿನ ಸದ್ದು ಬಂದರೆ ಹೆಡ್‌ಸೆಟ್ಟಿಗೆ ಹಿಂದೆ ಯಾರಿದ್ದಾರೆ ಎಂದು ಗೊತ್ತಾಗುವ ದಾರಿಯೇ ಇಲ್ಲ. ಇಲ್ಲದ ಮಾಹಿತಿಯನ್ನು ಯಾವ ಪೆಟ್ಟಿಗೆಯೂ ಹುಟ್ಟಿಸಲಾರದು. ಹಾಡು ಕೇಳುವಾಗಲಂತೂ ಆ ಗುಂಡಿ ಆರಿಸುವುದೇ ವಾಸಿ. ಹಲವು ಚಾನೆಲ್ಲಿನ ಧ್ವನಿಯಿರುವ ಸಿನಿಮಾ, ಎಚ್‌ಆರ್‌ಟಿಎಫ್ ಇಲ್ಲದ ದೊಡ್ಡ ಕಥೆಯಾಟಗಳಿಗೆ ಅದು ನಿಜಕ್ಕೂ ಚೆನ್ನ.

ಒಬ್ಬನಿಗೆ ಅದ್ಭುತ ಎನಿಸಿದ್ದು ಇನ್ನೊಬ್ಬನಿಗೆ ಡಬ್ಬದೊಳಗಿನ ಸದ್ದು ಎನಿಸುವುದಕ್ಕೂ ಕಾರಣವಿದೆ. ಗೊಂಬೆಯ ಕಿವಿ ನಮ್ಮ ಕಿವಿಯಲ್ಲ. ಸೋನಿಯ ಇನ್‌ಜೋನ್ ಹೆಡ್‌ಸೆಟ್ಟುಗಳಿಗೆ ಫೋನಿನಲ್ಲಿ ನಮ್ಮ ಕಿವಿಯ ಫೋಟೊ ತೆಗೆದು ಹೊಂದಿಸುವ ಏರ್ಪಾಡು ಇರುವುದು ಇದಕ್ಕೇ. ಆದರೆ ಮಿದುಳು ಕಲಿಯುತ್ತದೆ. 1998ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಕೆಲವರ ಹೊರಕಿವಿಗೆ ಅಚ್ಚು ಕೂರಿಸಿ ಆಕಾರ ಬದಲಿಸಿದಾಗ ಮೊದಲಿಗೆ ಸದ್ದು ಮೇಲಿನದೋ ಕೆಳಗಿನದೋ ತಿಳಿಯದೆ ಅವರು ತಡವರಿಸಿದರು. ಕೆಲವು ವಾರಗಳಲ್ಲಿ ಹೊಸ ಕಿವಿಯೂ ರೂಢಿಯಾಯಿತು, ಅಚ್ಚು ತೆಗೆದಾಗ ಹಳೆಯದೂ ಮರೆತಿರಲಿಲ್ಲ. ದಿನಕ್ಕೊಂದು ಸೆಟಿಂಗ್ ಬದಲಿಸುತ್ತಾ ಕೂರುವ ಹುಡುಗರು ಇದನ್ನು ಗಮನಿಸಬೇಕು. ಒಂದನ್ನು ಹಿಡಿದು ಎರಡು ಮೂರು ವಾರ ಆಡಿ.

ಇನ್ನು ಹಣ ಎಲ್ಲಿ ಹೋಗುತ್ತದೆ? ತಂತಿಯಿಲ್ಲದ ಸುಖಕ್ಕೆ, ಮೆತ್ತೆಗೆ, ಮೈಕಿಗೆ, ಬ್ಯಾಟರಿಗೆ. ಹೈಪರ್‌ಎಕ್ಸ್‌ನ ಕ್ಲೌಡ್ ಆಲ್ಫಾ ವೈರ್‌ಲೆಸ್ ಒಮ್ಮೆ ಚಾರ್ಜ್ ಮಾಡಿದರೆ 300 ಗಂಟೆ ಎನ್ನುತ್ತದೆ ಕಂಪನಿ. ಸ್ಟೀಲ್‌ಸೀರೀಸ್‌ನ ಆರ್ಕ್ಟಿಸ್ ನೋವಾ ಪ್ರೊದಲ್ಲಿ ಎರಡು ಬ್ಯಾಟರಿ, ಒಂದು ತಲೆಯ ಮೇಲಿದ್ದಾಗ ಇನ್ನೊಂದು ಚಾರ್ಜ್ ಆಗುತ್ತಿರುತ್ತದೆ. ಬ್ಯಾಟರಿಯನ್ನು ನಾವೇ ಬದಲಿಸಬಹುದಾದ್ದರಿಂದ ಇದು ನನಗೆ ಹೆಚ್ಚು ಹಿಡಿಸಿದ ಗುಣ. ಉಳಿದ ಹೆಚ್ಚಿನವುಗಳಲ್ಲಿ ಬ್ಯಾಟರಿ ಸತ್ತರೆ ಹೆಡ್‌ಸೆಟ್ಟೂ ಮೂಲೆಗೆ. ಆಡೀಜ್ ಮ್ಯಾಕ್ಸ್‌ವೆಲ್‌ನ ಧ್ವನಿಯನ್ನು ಹೊಗಳದವರಿಲ್ಲ, ತೂಕ ಮಾತ್ರ 490 ಗ್ರಾಂ. ಅರ್ಧ ಕಿಲೋ ಟೊಮೆಟೊ ತಲೆಯ ಮೇಲಿಟ್ಟುಕೊಂಡು ಹದಿಮೂರರ ಹುಡುಗಿ ಎರಡು ಗಂಟೆ ಕೂರಬಲ್ಲಳೇ ಎಂದು ಕೊಳ್ಳುವ ಮೊದಲೇ ಯೋಚಿಸಿ.

ವೈರ್‌ಲೆಸ್ ಎಂದ ಕೂಡಲೇ ಬ್ಲೂಟೂತ್ ಎಂದುಕೊಳ್ಳುವವರೇ ಹೆಚ್ಚು. ಆಟಕ್ಕೆ ಬೇಕಾದದ್ದು ಪುಟ್ಟ ಡಾಂಗಲ್ ಚುಚ್ಚಿ ಬಳಸುವ 2.4 ಗಿಗಾಹರ್ಟ್ಸ್ ಬಗೆಯದ್ದು. ಸಾಮಾನ್ಯ ಬ್ಲೂಟೂತ್‌ನಲ್ಲಿ ಗುಂಡು ಹಾರಿದ ಮೇಲೆ ಸದ್ದು ಬರುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು: ಗೆಳೆಯರೊಡನೆ ಮಾತಾಡಲು ಮೈಕ್ ಶುರು ಮಾಡಿದೊಡನೆ ಹಳೆಯ ಬಗೆಯ ಬ್ಲೂಟೂತ್ ಫೋನ್ ಕರೆಯ ಮಟ್ಟಕ್ಕೆ ಇಳಿದು ಎರಡೂ ಕಿವಿಗೆ ಒಂದೇ ಸದ್ದು ಕೊಡುತ್ತದೆ. ಸರೌಂಡ್ ಹಾಗಿರಲಿ, ಎಡ ಬಲವೂ ಇಲ್ಲ. ಎರಡು ಸಾವಿರದ ತಂತಿ ಹೆಡ್‌ಸೆಟ್ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ. ಮಗನ ದೂರಿನ ನಿಜವಾದ ಅರ್ಧ ಬಹುಶಃ ಇಲ್ಲೇ ಇದೆ. ಅವನು ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಿ ಆಡುತ್ತಿದ್ದಾನೆಯೇ ಕೇಳಿ ನೋಡಿ.

ಬೆಲೆಗಿಂತ ನನ್ನನ್ನು ಕಾಡುವುದು ವಾಲ್ಯೂಮ್. ಹೆಜ್ಜೆ ಸದ್ದು ಸಣ್ಣದು, ಅದು ಕೇಳಲೆಂದು ಮಕ್ಕಳು ಸದ್ದು ಏರಿಸುತ್ತಾರೆ. ಆಗ ಪಕ್ಕದಲ್ಲೇ ಬಾಂಬ್ ಸಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ 40 ಗಂಟೆ ಮಿತಿ. ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ 84 ಡೆಸಿಬೆಲ್‌ನಲ್ಲಿ ಮಗುವಿಗೆ ವಾರಕ್ಕೆ ಐದೇ ಗಂಟೆ. ಬೇಸಿಗೆ ರಜೆಯಲ್ಲಿ ಅದು ಒಂದು ಮಧ್ಯಾಹ್ನದಲ್ಲೇ ಮುಗಿದುಹೋಗುತ್ತದೆ. ಒಳಕಿವಿಯ ಕೂದಲಿನಂಥ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹೊಸ ಬ್ಯಾಟರಿ ಹಾಕಿಸಿದಂತೆ ಅಲ್ಲ ಅದು.

ಇದಕ್ಕೊಂದು ಉಪಾಯವಿದೆ. ಅನೇಕ ಆಟಗಳ ಸೌಂಡ್ ಸೆಟಿಂಗಿನಲ್ಲಿ ‘ನೈಟ್ ಮೋಡ್’ ಇರುತ್ತದೆ, ಕೆಲವು ವಿಂಡೋಸ್ ಕಂಪ್ಯೂಟರುಗಳಲ್ಲಿ ‘ಲೌಡ್‌ನೆಸ್ ಈಕ್ವಲೈಸೇಶನ್’. ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸುತ್ತದೆ, ಹೆಜ್ಜೆಯೂ ಕೇಳುತ್ತದೆ, ಬಾಂಬೂ ಕಿವಿಗೆ ರಾಚುವುದಿಲ್ಲ. ಶತ್ರು ಎಷ್ಟು ದೂರ ಎಂಬ ಅಂದಾಜು ಸ್ವಲ್ಪ ತಪ್ಪುತ್ತದೆ, ಅಷ್ಟು ನಷ್ಟ ಸಹಿಸಬಹುದು. ಟೀವಿ, ಮಿಕ್ಸಿಯ ಗದ್ದಲದ ನಡುವೆ ಆಡುವ ಮಗು ಇನ್ನಷ್ಟು ಏರಿಸುತ್ತದೆ, ಆದ್ದರಿಂದ ಬಾಗಿಲು ಮುಚ್ಚಿದ ಕೋಣೆಯೂ ಒಂದು ಒಳ್ಳೆಯ ಹೆಡ್‌ಸೆಟ್ಟೇ. ಆಟ ಮುಗಿಸಿ ಎದ್ದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದೆಯೇ ಎಂದು ಮಕ್ಕಳನ್ನು ಆಗಾಗ ಕೇಳುತ್ತಿರಿ. ಅದು ಮತ್ತೆ ಮತ್ತೆ ಬರುತ್ತಿದ್ದರೆ ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ ಮಾಡುತ್ತಾರೆ. ಉಳಿದ ಊರಿನವರಿಗೆ ಹತ್ತಿರದ ಕಿವಿ ಮೂಗು ಗಂಟಲು ವೈದ್ಯರು ಇದ್ದಾರೆ.