ತನ್ನನ್ನೇ ಶಂಕಿಸಿದ ವಿಜ್ಞಾನಿ

ವಿಜ್ಞಾನಿಯ ಹಿರಿಮೆಯನ್ನು ಅವನು ಕಂಡುಹಿಡಿದ ಸತ್ಯಗಳಿಂದ ಅಳೆಯುವುದು ಲೋಕದ ರೂಢಿ. ಅವನು ಹಿಂತೆಗೆದುಕೊಂಡ ಮಾತುಗಳಿಂದಲೂ ಅದನ್ನು ಅಳೆಯಬೇಕೆಂದು ನನ್ನ ಅಭಿಮತ. 2022ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದ ಸ್ವಾಂಟೆ ಪಾಬೊ ಅವರ ಜೀವನ ಇದಕ್ಕೆ ಉತ್ತಮ ನಿದರ್ಶನ.

1955ರಲ್ಲಿ ಸ್ವೀಡನ್ನಿನಲ್ಲಿ ಜನಿಸಿದ ಪಾಬೊ ಅವರಿಗೆ ಎಳವೆಯಿಂದಲೂ ಪ್ರಾಚೀನ ಈಜಿಪ್ಟಿನ ಮೋಹ. ಉಪ್ಸಾಲ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಸಾವಿರಾರು ವರ್ಷಗಳ ಹಿಂದಿನ ಶವದಲ್ಲಿ ವಂಶದ್ರವ್ಯವಾದ ಡಿ.ಎನ್.ಎ. ಉಳಿದಿದ್ದೀತೆ ಎಂಬ ಕುತೂಹಲ ಅವರಲ್ಲಿ ಮೂಡಿತು. ಗುರುಗಳಿಗೆ ತಿಳಿಸದೆ, ಕರುವಿನ ಯಕೃತ್ತನ್ನು ಒಲೆಯಲ್ಲಿ ಒಣಗಿಸಿ ಮೊದಲ ಪ್ರಯೋಗ ನಡೆಸಿದರು. ಬಳಿಕ ಸುಮಾರು 2,400 ವರ್ಷ ಹಳೆಯದಾದ ಶಿಶುವಿನ ಮಮ್ಮಿಯೊಂದರಿಂದ ಡಿ.ಎನ್.ಎ. ದೊರೆಯಿತೆಂದು 1985ರಲ್ಲಿ ಪ್ರಕಟಿಸಿದರು. ಕೀರ್ತಿ ತಾನಾಗಿ ಬಂದಿತು.

ಅಲ್ಲಿಗೆ ತೃಪ್ತರಾಗಬಹುದಿತ್ತು. ಆದರೆ ಮುಂದೆ, ತಾವು ಕಂಡದ್ದು ಶಿಶುವಿನದಲ್ಲ, ಮಮ್ಮಿಯನ್ನು ಮುಟ್ಟಿದ ಇಂದಿನ ಮನುಷ್ಯರದೇ ಡಿ.ಎನ್.ಎ. ಇರಬಹುದೆಂದು ಒಪ್ಪಿಕೊಂಡವರಲ್ಲಿ ಅವರೂ ಒಬ್ಬರು. ಬೆವರಿನ ಹನಿ, ಧೂಳಿನ ಕಣ, ಇಷ್ಟೇ ಸಾಕು, ಪ್ರಾಚೀನವೆಂಬುದು ಸುಳ್ಳಾಗಲು. ಆದುದರಿಂದ ಶೋಧಿಸಿದ ಗಾಳಿಯ ಕೋಣೆ, ಮುಖವಸ್ತ್ರ, ಅತಿನೇರಳೆ ಕಿರಣಗಳ ದೀಪ ಮುಂತಾದ ಕಟ್ಟುನಿಟ್ಟುಗಳು ಅವರ ಪ್ರಯೋಗಶಾಲೆಯ ನಿತ್ಯವ್ರತಗಳಾದವು. 1997ರಲ್ಲಿ ನಿಯಾಂಡರ್ತಾಲ್ ಮಾನವನ ಮೂಳೆಯಿಂದ ಡಿ.ಎನ್.ಎ. ತುಣುಕನ್ನು ಓದಿದಾಗಲೂ, ಅಮೆರಿಕದ ಮತ್ತೊಂದು ಪ್ರಯೋಗಶಾಲೆ ಅದೇ ಫಲವನ್ನು ಪಡೆದ ಮೇಲೆಯೇ ಅದನ್ನು ಲೋಕದ ಮುಂದಿಟ್ಟರು.

ಆ ಫಲವನ್ನು ನೋಡಿದರೆ ನಿಯಾಂಡರ್ತಾಲರು ನಮಗೆ ಏನನ್ನೂ ಬಿಟ್ಟುಹೋದಂತೆ ತೋರಲಿಲ್ಲ. ಪಾಬೊ ಅವರ ಒಲವೂ ಆ ಕಡೆಗೇ ಇತ್ತು. 2010ರಲ್ಲಿ ಕ್ರೊಯೇಷಿಯದ ವಿಂಡಿಯ ಗುಹೆಯ ಮೂಳೆಗಳಿಂದ ವಂಶಲಿಪಿಯ ಬಹುಭಾಗವನ್ನು ಓದಿದಾಗ ಉತ್ತರ ಬೇರೆಯೇ ಬಂದಿತು: ಆಫ್ರಿಕದ ಹೊರಗಿನ ಜನರೆಲ್ಲರಲ್ಲೂ ಶೇಕಡ 1ರಿಂದ 4ರಷ್ಟು ನಿಯಾಂಡರ್ತಾಲ್ ಅಂಶವಿದೆ. ತಮ್ಮ ಎಣಿಕೆಗೆ ವಿರುದ್ಧವಾದ ಈ ಸತ್ಯಕ್ಕೆ ಅವರು ತಲೆಬಾಗಿದರು.

ಈ ಅಂಶ ನಮ್ಮಲ್ಲಿಯೂ ಇದೆ. ವಂಶದ ಶುದ್ಧಿಯನ್ನು ಕುರಿತು ಬಿಗುಮಾನದಿಂದ ಮಾತನಾಡುವ ನಾವು, ಗುಹೆಯಲ್ಲಿ ಅಳಿದ ಬಂಧುವೊಬ್ಬನನ್ನು ನೆತ್ತರಿನಲ್ಲಿ ಹೊತ್ತುಕೊಂಡೇ ಹಾಗೆ ಮಾತನಾಡುತ್ತೇವೆ! ಪಾಬೊ ಅವರಿಂದ ನಾವು ಕಲಿಯಬೇಕಾದುದು ಈ ಸಂಗತಿಯನ್ನಷ್ಟೇ ಅಲ್ಲ. ನಮಗೆ ಪ್ರಿಯವಾದ ನಂಬಿಕೆಯನ್ನೇ ಎಲ್ಲಕ್ಕಿಂತ ಮೊದಲು ಶಂಕಿಸಬೇಕೆಂಬ ಶಿಸ್ತು ಅದಕ್ಕಿಂತಲೂ ದೊಡ್ಡದು. ಅದು ಪ್ರಯೋಗಶಾಲೆಗೆ ಮಾತ್ರ ಮೀಸಲಾಗಬೇಕಾಗಿಲ್ಲ.