ಕ್ರಮಸಂಖ್ಯೆ ಮತ್ತು ಕೀಲಿಪದ

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144 ಇದ್ದವು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500 ಆದವು. 1973ರ ಆವೃತ್ತಿಯಲ್ಲಿ 573. ಶಾಸನಗಳು ಹೆಚ್ಚಿದಂತೆ ಕ್ರಮಸಂಖ್ಯೆಗಳೂ ಬದಲಾದವು. ಆವೃತ್ತಿಯನ್ನು ಹೇಳದೆ ಸಂಖ್ಯೆಯನ್ನಷ್ಟೇ ಉಲ್ಲೇಖಿಸುವ ವಿದ್ಯಾರ್ಥಿಯು ಓದುಗನನ್ನು ಬೇರೊಂದು ಕಲ್ಲಿನ ಮುಂದೆ ನಿಲ್ಲಿಸುತ್ತಾನೆ.

ಗಣಕಲೋಕಕ್ಕೂ ಈ ತೊಡಕು ಹೊಸದಲ್ಲ. ಸರ್ವರ್, ಜಾಲ, ದತ್ತಸಂಗ್ರಹಗಳ ವಿವರವನ್ನು ಬರಹದಲ್ಲಿ ಪಡೆದು ಅದರಂತೆ ಅವನ್ನು ನಿರ್ಮಿಸುವ ತಂತ್ರಾಂಶ ಟೆರಾಫಾರ್ಮ್. ಅದರಲ್ಲಿ ಲಿಸ್ಟ್ ಎಂದರೆ ಸೊನ್ನೆಯಿಂದ ಎಣಿಸುವ ಪಟ್ಟಿ; ಮ್ಯಾಪ್ ಎಂದರೆ ನಿಘಂಟಿನಂತೆ ಪ್ರತಿ ವಿವರಕ್ಕೂ ಕೀಲಿಪದವಿರುವ ಕೋಷ್ಟಕ.

ಸೇಲಂ, ಧರ್ಮಪುರಿ, ಹೊಸೂರುಗಳ ಶಾಸನಚಿತ್ರಗಳಿಗೆ ಮೂರು ಸಂಗ್ರಹಗಳನ್ನು ಪಟ್ಟಿಯಿಂದ, 'ಕೌಂಟ್' ವಿಧಾನದಲ್ಲಿ ಕಟ್ಟಿದ್ದಾರೆ ಎಂದುಕೊಳ್ಳಬಹುದು. ಸೇಲಂ ಹೆಸರನ್ನು ತೆಗೆದೊಡನೆ ಧರ್ಮಪುರಿ ಸೊನ್ನೆಯ ಸ್ಥಾನಕ್ಕೂ ಹೊಸೂರು ಒಂದರ ಸ್ಥಾನಕ್ಕೂ ಸರಿಯುತ್ತವೆ. ತಂತ್ರಾಂಶ ಗುರುತಿಸುವುದು ಸ್ಥಾನವನ್ನು. ಆ ಸ್ಥಾನಗಳ ಸಂಗ್ರಹಗಳಿಗೆ ಹೆಸರು ಬದಲಾಯಿತೆಂದು ತಿಳಿದು, ಅವನ್ನು ಅಳಿಸಿ ಮತ್ತೆ ಕಟ್ಟಲು ಅದು ಮುಂದಾಗುತ್ತದೆ. ಒಂದನ್ನು ತೆಗೆಯಹೋಗಿ ಮೂರಕ್ಕೂ ಅಪಾಯ. ಮ್ಯಾಪ್ ಬಳಸಿ 'ಫಾರ್ ಈಚ್' ವಿಧಾನದಲ್ಲಿ ಕಟ್ಟಿದ್ದರೆ ಸೇಲಂ ಒಂದೇ ಹೋಗುತ್ತಿತ್ತು.

ಹಾಗೆಂದು ಯಾವ ಕೀಲಿಪದವಾದರೂ ಆಗದು. ಹೊಸೂರು ಮೊದಲು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಹೊಸದಾಗಿ ರಚನೆಯಾದ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರನ್ನು ಕೀಲಿಯಾಗಿಸಿದ್ದರೆ ಅಲ್ಲಿನ ಶಾಸನವೊಂದು ಕಲ್ಲು ಕದಲದೆಯೇ ಎರಡು ಬಾರಿ ಗುರುತು ಕಳೆದುಕೊಳ್ಳುತ್ತಿತ್ತು. ಶಾಸನ ದೊರೆತ ಊರಿನಂತಹ ಸ್ಥಿರ ಸಂಗತಿಯಿಂದ ಕೀಲಿಪದ ಹುಟ್ಟಬೇಕು. ಜಿಲ್ಲೆ ಅದರೊಳಗಿನ ವಿವರವಾಗಿದ್ದರೆ ಸಾಕು.

ಪಟ್ಟಿಗೂ ತನ್ನ ನೆಲೆಯಿದೆ. ಷಟ್ಪದಿಯ ಆರು ಪಾದಗಳಂತೆ ಕ್ರಮವೇ ಅರ್ಥವಾದಲ್ಲಿ ಪಟ್ಟಿಯೇ ಬೇಕು. ಟೆರಾಫಾರ್ಮಿನ ಮ್ಯಾಪ್ ಬರೆದವರ ಕ್ರಮವನ್ನು ಉಳಿಸುವುದಿಲ್ಲ. ಕೀಲಿಪದಗಳ ಅಕ್ಷರಕ್ರಮದಲ್ಲಿ ಸಾಗುತ್ತದೆ.

ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಇಂತಹ ಗಡಿನಾಡಿನ ಬರಹಗಳು ಗಣಕಕ್ಕೆ ಸೇರುವಾಗ ಅವುಗಳ ಕೀಲಿಪದಗಳನ್ನು ನಿರ್ಧರಿಸುವ ಕೆಲಸವನ್ನು ತಂತ್ರಜ್ಞರಿಗಷ್ಟೇ ಬಿಡುವುದು ಸಲ್ಲದು. ಊರ ಹೆಸರಿನ ಹಳೆಯ ರೂಪ ಯಾವುದು, ಒಂದೇ ಊರಿನ ಎರಡು ಶಾಸನಗಳನ್ನು ಬೇರ್ಪಡಿಸುವುದು ಹೇಗೆ ಎಂಬುದು ಶಾಸನ ಓದಬಲ್ಲವರಿಗೆ ಗೊತ್ತು. ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಲಿಸ್ಟ್ ಮತ್ತು ಮ್ಯಾಪ್‌ಗಳ ಭೇದವನ್ನು ಅರಿತರೆ ಆ ನಿರ್ಧಾರದಲ್ಲಿ ಅವರ ಮಾತಿಗೂ ಬೆಲೆ ಬರುತ್ತದೆ.