ನರ್ಸಮ್ಮ ಕೇಳಿದರೆ ನಿಜ ಹೇಳೋಣ



ಉದ್ದನಪಲ್ಲಿಯಿಂದ ಹೊಸೂರಿಗೋ ಕೃಷ್ಣಗಿರಿಗೋ ಆಪರೇಷನ್ನಿಗೆ ಹೊರಟವರ ಬಾಯಲ್ಲಿ ನಾವು ಕೇಳುವ ಮಾತು ಒಂದೇ: "ಕುಯ್ಯುವುದಕ್ಕೆ ಹೆದರಿಕೆಯಿಲ್ಲ, ಆ ಮತ್ತಿನ ಸೂಜಿಗೆ ಹೆದರಿಕೆ." ಇದನ್ನು ಹಳ್ಳಿಯವರ ಮೂಢತನ ಎಂದು ನಗುವವರೊಡನೆ ನಾವಿಲ್ಲ. ಈಥರಿನ ಕಾಲದಲ್ಲಿ ಅರಿವಳಿಕೆ ಕೊಡುವ ಕೆಲಸ ಎಷ್ಟೋ ಕಡೆ ಕಿರಿಯ ಡಾಕ್ಟರ ಪಾಲಿಗೆ ಬೀಳುತ್ತಿತ್ತು. ಅವರ ಕಣ್ಣು ರೋಗಿಯ ಮೇಲಲ್ಲ, ಕುಯ್ಯುವವರ ಕೈಯ ಮೇಲೆ.

ಅಮೆರಿಕದ ಮೇಯೋ ಆಸ್ಪತ್ರೆಯಲ್ಲಿ ಆಲಿಸ್ ಮೆಗಾ ಎಂಬ ನರ್ಸಮ್ಮ ಬೇರೆ ದಾರಿ ಹಿಡಿದರು. ರೋಗಿಯೊಡನೆ ಮೆಲ್ಲಗೆ ಮಾತಾಡುತ್ತಾ, ಈಥರನ್ನು ತೊಟ್ಟುತೊಟ್ಟಾಗಿ ಬಿಡುತ್ತಾ, ಉಸಿರು ನಾಡಿಗಳನ್ನು ಬಿಟ್ಟು ಬೇರೆಲ್ಲೂ ಗಮನ ಕೊಡದೆ ಕೆಲಸ ಮಾಡಿದರು. 1906ರಲ್ಲಿ 14,000ಕ್ಕೂ ಹೆಚ್ಚು ಅರಿವಳಿಕೆಗಳ ಲೆಕ್ಕವನ್ನು ವೈದ್ಯರ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು. ಅರಿವಳಿಕೆಯಿಂದಲೇ ಸತ್ತವರು ಅದರಲ್ಲಿ ಒಬ್ಬರೂ ಇಲ್ಲ. ಅವರು ಬರೆದಿಟ್ಟದ್ದೇ ದೊಡ್ಡದೆಂದು ನಮ್ಮ ಅಭಿಪ್ರಾಯ. ಹಾಜರಿ ಪುಸ್ತಕವಿಲ್ಲದೆ ಕೂಲಿಯ ವಾದ ನಿಲ್ಲುವುದಿಲ್ಲವಲ್ಲ!

ಆ ದೇಶದಲ್ಲಿ 2022ರಿಂದ ಈ ವಿದ್ಯೆಗೆ ಸೇರುವ ನರ್ಸುಗಳು ಡಾಕ್ಟರೇಟ್‌ವರೆಗೆ ಓದಬೇಕು. ಅವರಲ್ಲಿ ಪಾಠ ಹೇಳುವವರೂ ಸಂಶೋಧಕರೂ ಇದ್ದಾರೆ. ನಮ್ಮಲ್ಲಿ ಅರಿವಳಿಕೆ ಕೊಡುವುದು ಡಾಕ್ಟರ ಕೆಲಸ, ನರ್ಸಮ್ಮ ಪಕ್ಕದಲ್ಲಿರುತ್ತಾರೆ. ಇರಲಿ. ಆದರೆ ಪಕ್ಕದಲ್ಲಿರುವವರು ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ನಾವು ಒಪ್ಪೆವು. 2007-08ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 8 ನಗರಗಳ ಆಸ್ಪತ್ರೆಗಳಲ್ಲಿ ಒಂದು ಪರೀಕ್ಷೆ ನಡೆಸಿತು. ದೆಹಲಿಯ ಮಿಷನ್ ಆಸ್ಪತ್ರೆ ಸೇಂಟ್ ಸ್ಟೀಫನ್ಸ್ ಅದರಲ್ಲೊಂದು. ಒಂದು ಹಾಳೆ, 19 ಅಂಶ, ಅಷ್ಟೇ. ಹೆಸರೇನು, ಯಾವ ಕಡೆಯ ಆಪರೇಷನ್, ಯಾವ ಮದ್ದು ಒಗ್ಗದು, ಸೂಜಿ ಬಟ್ಟೆಗಳ ಎಣಿಕೆ ಸರಿಯೇ ಎಂದು ಎಲ್ಲರೂ ನಿಂತು ಗಟ್ಟಿಯಾಗಿ ಹೇಳಬೇಕು. ಅದಕ್ಕೆ ಮೊದಲು 1000 ರೋಗಿಗಳಲ್ಲಿ 15 ಮಂದಿ ಸತ್ತಿದ್ದರೆ, ಆಮೇಲೆ 8. ಹಾಳೆ ಹಿಡಿದು ಕೇಳುವವರು ಹೆಚ್ಚಾಗಿ ನರ್ಸೇ.

ಇನ್ನು ನಮ್ಮ ಪಾಲು. ಬೆಳಿಗ್ಗೆ ಮುದ್ದೆ ತಿಂದವರೂ "ಏನೂ ತಿಂದಿಲ್ಲ" ಎನ್ನುತ್ತಾರೆ. ಕಾರಣ ಕೂಲಿ. ಇವತ್ತು ವಾಪಸು ಕಳಿಸಿದರೆ ಇನ್ನೊಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಬಸ್ ಚಾರ್ಜು ಎಲ್ಲವೂ ಹೋದವು. ಆದರೆ ಅರಿವು ತಪ್ಪಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ಹಗುರ ಊಟವಾಗಿ 6 ಗಂಟೆ, ಬರೀ ನೀರು ಕುಡಿದು 2 ಗಂಟೆಯಾದರೂ ಕಳೆದಿರಬೇಕೆನ್ನುವುದು. ಹೊಟ್ಟೆ ಬಿರಿಯ ಉಂಡಿದ್ದರೆ ಇನ್ನೂ ಹೆಚ್ಚು. ಬೀಡಿ, ಹೊಗೆಸೊಪ್ಪು, ಕುಡಿತ, ಯಾವುದನ್ನೂ ಮುಚ್ಚಿಡಬೇಡಿ. ಗುಲಾಬಿ ತೋಟದಲ್ಲಿ ಔಷಧಿ ಹೊಡೆಯುವವರು ಅದನ್ನೂ ಹೇಳಿ. ಕೆಲವು ಬಗೆಯ ಕೀಟನಾಶಕ ಮೈಗೆ ಹತ್ತಿದ್ದರೆ, ಸ್ನಾಯು ಸಡಿಲಿಸಲು ಕೊಡುವ ಒಂದು ಮದ್ದು ಬೇಗ ಇಳಿಯುವುದಿಲ್ಲ, ಉಸಿರು ಮರಳುವುದು ತಡವಾಗುತ್ತದೆ.

ಆಪರೇಷನ್ ಮುಂದೂಡಿದ ದಿನಕ್ಕೂ ಕೂಲಿ ಸಿಗುವಂತಿದ್ದರೆ ಯಾರು ತಾನೇ ಸುಳ್ಳು ಹೇಳುತ್ತಾರೆ? ಮುಂದಿನ ಮಾತುಕತೆಯಲ್ಲಿ ಸಂಘದವರು ಇದನ್ನು ಮಾಲೀಕರ ಮುಂದಿಡಬೇಕು. ವೈದ್ಯಕೀಯ ರಜೆಯ ಬೇಡಿಕೆಯ ಪಕ್ಕದಲ್ಲೇ ಇದಕ್ಕೂ ಒಂದು ಸಾಲು ಇರಲಿ.